ವೃತ್ತವೂ ಶಾಸನಸಭೆಯೂ

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ತೊಡಿಸುವುದು ನುರಿತ ಕೈಗಳು ಮಾಡಬೇಕಾದ ಕೆಲಸ. ಪಟ್ಟಿಯ ಒಳಸುತ್ತಳತೆಯು ಮರದ ಚಕ್ರದ ಸುತ್ತಳತೆಗಿಂತ ತುಸು ಕಡಿಮೆ ಇರಬೇಕು. ಕಮ್ಮಾರನು ಅದನ್ನು ಬೆಂಕಿಯಲ್ಲಿಟ್ಟು ಕೆಂಪಗೆ ಕಾಯಿಸುತ್ತಾನೆ. ಕಾದ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಿದ ಪಟ್ಟಿಯನ್ನು ಚಕ್ರದ ಮೇಲೆ ಕೂರಿಸಿ ನೀರೆರೆದಾಗ ಅದು ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಐದು ಅಡಿ ವ್ಯಾಸವುಳ್ಳ ಚಕ್ರದ ಸುತ್ತಳತೆ ಸುಮಾರು 15.7 ಅಡಿ. ಯಾರೋ ಹೇಳಿದರೆಂದು ಕಮ್ಮಾರನು ಅದಕ್ಕೆ 16 ಅಡಿಯ ಪಟ್ಟಿಯನ್ನು ಮಾಡಿದರೆ ಮೂರೂವರೆ ಅಂಗುಲದಷ್ಟು ಕಬ್ಬಿಣ ಹೆಚ್ಚಾಗುತ್ತದೆ. ಗಾಡಿಯು ಊರ ಮುಂದಿನ ಕೆರೆಯ ಏರಿಯನ್ನು ತಲುಪುವುದರೊಳಗೆ ಪಟ್ಟಿ ಕಳಚಿ ಬೀಳುತ್ತದೆ. ಇಷ್ಟು ವಿಷಯವು ಶಾಲೆಯ ಮೆಟ್ಟಿಲನ್ನೇ ಹತ್ತದ ಕಮ್ಮಾರನಿಗೂ ಗೊತ್ತು.

ಆದರೂ ಐದು ಅಡಿ ವ್ಯಾಸದ ವೃತ್ತಕ್ಕೆ 16 ಅಡಿ ಸುತ್ತಳತೆ ಎಂಬ ಲೆಕ್ಕವನ್ನು ಶಾಸನವಾಗಿ ಮಾಡಲು ಒಮ್ಮೆ ಒಂದು ಶಾಸನಸಭೆಯು ಹೊರಟಿತ್ತು. ಅದು ನಡೆದದ್ದು ಯಾವುದೋ ಪುರಾತನ ಕಾಲದಲ್ಲಿ ಅಲ್ಲ. ರೈಲು, ತಂತಿ, ವಿದ್ಯುದ್ದೀಪಗಳು ಬಂದಿದ್ದ 1897ರಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನಗಳ ಇಂಡಿಯಾನಾ ರಾಜ್ಯದಲ್ಲಿ.

ಆ ರಾಜ್ಯದ ಒಂದು ಹಳ್ಳಿಯಲ್ಲಿ ಎಡ್ವರ್ಡ್ ಗುಡ್‌ವಿನ್ ಎಂಬ ವೈದ್ಯರಿದ್ದರು. ವೃತ್ತದ ವಿಸ್ತೀರ್ಣಕ್ಕೆ ಸರಿಸಮನಾದ ಚೌಕವನ್ನು ರಚಿಸುವ ಪ್ರಾಚೀನ ಸಮಸ್ಯೆಯನ್ನು ತಾವು ಬಿಡಿಸಿದ್ದೇವೆಂದು ಅವರು ದೃಢವಾಗಿ ನಂಬಿದ್ದರು. ಬರಿಯ ಅಳತೆಪಟ್ಟಿ ಮತ್ತು ಕೈವಾರಗಳಿಂದ ಅಂಥ ಚೌಕವನ್ನು ರಚಿಸುವ ಯತ್ನವು ಗ್ರೀಕರ ಕಾಲದಿಂದಲೂ ನಡೆದುಬಂದಿತ್ತು. ಇಂಥ ಪರಿಹಾರಗಳ ಕಾಟವನ್ನು ತಾಳಲಾರದೆ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು ಇನ್ನು ಮುಂದೆ ಅವುಗಳನ್ನು ಪರಿಶೀಲಿಸುವುದಿಲ್ಲವೆಂದು 1775ರಲ್ಲಿಯೇ ನಿರ್ಣಯಿಸಿತ್ತು. 1882ರಲ್ಲಿ ಜರ್ಮನಿಯ ಲಿಂಡೆಮನ್ ಎಂಬ ಗಣಿತಜ್ಞರು ಅದು ಅಸಾಧ್ಯವೆಂದು ಸಾಧಿಸಿ ತೋರಿಸಿದರು. ಯಾರಿಗೂ ಇದುವರೆಗೆ ಆಗಲಿಲ್ಲ ಎಂಬ ಅರ್ಥದ ಅಸಾಧ್ಯವಲ್ಲ; ಎಂದೆಂದಿಗೂ ಆಗದು ಎಂಬ ಅರ್ಥದ ಅಸಾಧ್ಯ. ಈ ಸುದ್ದಿಯು ಹದಿನೈದು ವರ್ಷ ಕಳೆದರೂ ವೈದ್ಯರ ಹಳ್ಳಿಗೆ ತಲುಪಿರಲಿಲ್ಲವೋ, ತಲುಪಿದರೂ ಅವರು ಅದಕ್ಕೆ ಕಿವಿಗೊಡಲಿಲ್ಲವೋ, ಅಂತೂ ಅವರು ತಮ್ಮ ಶೋಧವನ್ನು ರಾಜ್ಯಕ್ಕೆ ಕೊಡುಗೆಯಾಗಿ ಕೊಡಲು ನಿಶ್ಚಯಿಸಿದರು. ಇಂಡಿಯಾನಾದ ಶಾಲೆಗಳು ಇದನ್ನು ಪಠ್ಯಪುಸ್ತಕಗಳಲ್ಲಿ ಬಿಟ್ಟಿಯಾಗಿ ಬಳಸಿಕೊಳ್ಳಬಹುದು. ಉಳಿದವರು ಬಳಸಿದರೆ ಅವರಿಗೆ ಸಂಭಾವನೆ ಕೊಡಬೇಕು. ಇದಕ್ಕೆ ಪ್ರತಿಯಾಗಿ ರಾಜ್ಯವು ಮಾಡಬೇಕಾದದ್ದು ಇಷ್ಟೆ: ಈ ಶೋಧವು ಸತ್ಯವೆಂದು ಶಾಸನದ ಮೂಲಕ ಒಪ್ಪಿಕೊಳ್ಳಬೇಕು.

ಅವರ ಕ್ಷೇತ್ರದ ಪ್ರತಿನಿಧಿಯು 1897ರ ಜನವರಿ 18ರಂದು ಈ ಮಸೂದೆಯನ್ನು ಕೆಳಮನೆಯಲ್ಲಿ ಮಂಡಿಸಿದರು. ಅದರ ಸಂಖ್ಯೆ 246. ಇದನ್ನು ಯಾವ ಸಮಿತಿಗೆ ಒಪ್ಪಿಸಬೇಕೆಂಬುದೇ ಸಭೆಗೆ ತೋಚಲಿಲ್ಲವೆಂದು ಕಾಣುತ್ತದೆ. ಮೊದಲು ಜೌಗು ಭೂಮಿಗಳ ಸಮಿತಿಗೆ ಕಳುಹಿಸಲಾಯಿತು, ಅಲ್ಲಿಂದ ಶಿಕ್ಷಣ ಸಮಿತಿಗೆ. ಶಿಕ್ಷಣ ಸಮಿತಿಯು ಮಸೂದೆಯನ್ನು ಅಂಗೀಕರಿಸಬಹುದೆಂದು ವರದಿ ಮಾಡಿತು. ಫೆಬ್ರವರಿ 5ರಂದು ಮತಕ್ಕೆ ಹಾಕಿದಾಗ ಪರವಾಗಿ 67 ಮತಗಳು ಬಿದ್ದವು. ವಿರುದ್ಧವಾಗಿ ಒಂದೂ ಇಲ್ಲ.

ಆ ಮಸೂದೆಯಲ್ಲಿ ಏನಿತ್ತು? ವೃತ್ತದ ವ್ಯಾಸಕ್ಕೂ ಪರಿಧಿಗೂ ಇರುವ ಪ್ರಮಾಣವು ಒಂದೂಕಾಲಕ್ಕೆ ನಾಲ್ಕು ಎಂದು ಅದು ಹೇಳಿತ್ತು. ನಾಲ್ಕನ್ನು ಒಂದೂಕಾಲರಿಂದ ಭಾಗಿಸಿದರೆ ಬರುವುದು 3.2. ಶಾಲೆಯ ಮಕ್ಕಳು ‘ಪೈ’ ಎಂದು ಕರೆಯುವ, 3.1416ರ ಸಮೀಪದಲ್ಲಿರುವ ಸಂಖ್ಯೆಗೆ ಇದು ಹೊಸ ಬೆಲೆ. ಅದೇ ಮಸೂದೆಯ ಇನ್ನೊಂದು ಕಡೆ, ಪರಿಧಿಯ ಕಾಲುಭಾಗವನ್ನು ಬಾಹುವಾಗಿ ಮಾಡಿದ ಚೌಕವು ವೃತ್ತದ ವಿಸ್ತೀರ್ಣಕ್ಕೆ ಸಮ ಎಂಬ ಮಾತಿತ್ತು. ಒಂದು ಹಾಳೆಯ ಮೇಲೆ ಲೆಕ್ಕ ಮಾಡಿ ನೋಡಿದರೆ ಈ ಮಾತಿನಿಂದ ಪೈಯ ಬೆಲೆ ಸರಿಯಾಗಿ 4 ಆಗುತ್ತದೆ. ಒಂದೇ ಶಾಸನದಲ್ಲಿ ಒಂದೇ ಸಂಖ್ಯೆಗೆ ಎರಡು ಬೆಲೆಗಳು! 67 ಜನ ಪ್ರತಿನಿಧಿಗಳಲ್ಲಿ ಒಬ್ಬರಾದರೂ ಒಂದು ತಟ್ಟೆಯನ್ನೂ ಒಂದು ದಾರವನ್ನೂ ತರಿಸಿಕೊಂಡು ಅಳೆದು ನೋಡಲಿಲ್ಲ.

ಅಂದು ಪರ್ಡ್ಯೂ ವಿಶ್ವವಿದ್ಯಾನಿಲಯದ ಗಣಿತದ ಪ್ರಾಧ್ಯಾಪಕರಾದ ವಾಲ್ಡೋ ಎಂಬವರು ರಾಜ್ಯದ ವಿಜ್ಞಾನ ಅಕಾಡೆಮಿಗೆ ಅನುದಾನ ಕೇಳಲು ಶಾಸನಭವನಕ್ಕೆ ಬಂದಿದ್ದರು. ಸಭಾಂಗಣಕ್ಕೆ ಕಾಲಿಟ್ಟಾಗ ಹಿಂದೆ ಉಪಾಧ್ಯಾಯರಾಗಿದ್ದ ಸದಸ್ಯರೊಬ್ಬರು ಎದ್ದು ನಿಂತು, ಹೊಸ ಬೆಲೆಯನ್ನು ಅಂಗೀಕರಿಸಿದರೆ ರಾಜ್ಯಕ್ಕೆ ಪುಸ್ತಕಗಳ ಖರ್ಚು ಉಳಿಯುತ್ತದೆಂದು ವಿವರಿಸುತ್ತಿದ್ದರು. ಪ್ರಾಧ್ಯಾಪಕರಿಗೆ ತಮ್ಮ ಕಿವಿಯನ್ನು ತಾವೇ ನಂಬಲಾಗಲಿಲ್ಲ. ಮಸೂದೆ ಅಂಗೀಕಾರವಾದ ಮೇಲೆ ಸದಸ್ಯರೊಬ್ಬರು ಅದರ ಪ್ರತಿಯನ್ನು ತೋರಿಸಿ, ಅದನ್ನು ರೂಪಿಸಿದ ವೈದ್ಯರನ್ನು ಪರಿಚಯ ಮಾಡಿಸಲೇ ಎಂದು ಕೇಳಿದರು. ತಮಗೆ ಈಗಾಗಲೇ ಪರಿಚಯವಿರುವ ಹುಚ್ಚರೇ ಸಾಕು ಎಂದು ಹೇಳಿ ವಾಲ್ಡೋ ಬೇಡವೆಂದರು. ಆದರೆ ಅವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮೇಲ್ಮನೆಯ ಸದಸ್ಯರನ್ನು ಕಂಡು ವಿಷಯವನ್ನು ತಿಳಿಸಿ ಹೇಳಿದರು.

ಮೇಲ್ಮನೆಯಲ್ಲಿ ಮಸೂದೆಯು ಪಾನನಿರೋಧ ಸಮಿತಿಗೆ ಹೋಯಿತು. ಆ ಸಮಿತಿಯೂ ಒಪ್ಪಿಗೆಯನ್ನೇ ಕೊಟ್ಟಿತು. ಫೆಬ್ರವರಿ 12ರಂದು ಅದು ಚರ್ಚೆಗೆ ಬಂದಾಗ ಸದಸ್ಯರು ನಕ್ಕರು, ಹಾಸ್ಯದ ಮಾತುಗಳನ್ನಾಡಿದರು, ಕೊನೆಗೆ ಅದನ್ನು ಅನಿರ್ದಿಷ್ಟ ಕಾಲದವರೆಗೆ ಮುಂದೂಡಿದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮುಂದೂಡುವುದರ ಪರವಾಗಿ ಮಾತನಾಡಿದವರು ಗಣಿತವನ್ನು ಅರಿತವರಾಗಿರಲಿಲ್ಲ. ಮಸೂದೆಯಲ್ಲಿರುವ ಲೆಕ್ಕವು ಸರಿಯೋ ತಪ್ಪೋ ತಮಗೆ ತಿಳಿಯದೆಂದು ಅವರೇ ಒಪ್ಪಿಕೊಂಡರೆಂದು ಅಂದಿನ ಪತ್ರಿಕೆಯ ವರದಿ ಹೇಳುತ್ತದೆ. ಅವರಿಗೆ ತಿಳಿದಿದ್ದದ್ದು ಒಂದೇ ಸಂಗತಿ: ಇದು ಶಾಸನ ಮಾಡಬಹುದಾದ ವಿಷಯವಲ್ಲ. ನೀರು ಗುಡ್ಡದ ಮೇಲಕ್ಕೆ ಹರಿಯಲಿ ಎಂದು ಕಾನೂನು ಮಾಡುವುದೂ, ಗಣಿತದ ಸತ್ಯವನ್ನು ಕಾನೂನಿನಿಂದ ಸ್ಥಾಪಿಸುವುದೂ ಒಂದೇ ಎಂದು ಸದಸ್ಯರೊಬ್ಬರು ಸಭೆಗೆ ನೆನಪು ಮಾಡಿಕೊಟ್ಟರು. ಇಂಡಿಯಾನಾದ ಮಾನವನ್ನು ಉಳಿಸಿದ್ದು ವಿಜ್ಞಾನದ ತಿಳಿವಳಿಕೆಗಿಂತ ಹೆಚ್ಚಾಗಿ ರಾಜ್ಯಶಾಸ್ತ್ರದ ಒಂದು ಮೊದಲ ಪಾಠ. ತಮ್ಮ ಅಧಿಕಾರವು ಎಲ್ಲಿಗೆ ಮುಗಿಯುತ್ತದೆ ಎಂಬುದು ಆ ಸದಸ್ಯರಿಗೆ ಗೊತ್ತಿತ್ತು.

ಆರ್ಯಭಟನು ಕ್ರಿ.ಶ. 499ರ ಸುಮಾರಿನಲ್ಲಿಯೇ 20,000 ವ್ಯಾಸದ ವೃತ್ತಕ್ಕೆ 62,832 ಪರಿಧಿ ಎಂದು ಹೇಳಿದ್ದನು. ಭಾಗಿಸಿದರೆ 3.1416. ಆದರೆ ಅವನು ಆ ಸಂಖ್ಯೆಯನ್ನು ‘ಆಸನ್ನ’ ಎಂದು ಕರೆದನು. ಎಂದರೆ ಹತ್ತಿರದ್ದು, ಪೂರ್ತಿ ಅದೇ ಅಲ್ಲ. ಸರಿಯಾದ ಉತ್ತರವನ್ನು ಕೊಟ್ಟವನು ಅದು ಸಮೀಪದ ಉತ್ತರವೆಂದು ತಿಳಿಸುತ್ತಾನೆ. ತಪ್ಪು ಉತ್ತರವನ್ನು ಕೊಟ್ಟವರು ಅದಕ್ಕೆ ಸರ್ಕಾರದ ಮುದ್ರೆಯನ್ನು ಬೇಡುತ್ತಾರೆ.

ಈ ಬಗೆಯ ಗೊಂದಲಕ್ಕೆ ಮಾತುಗಳೂ ಸ್ವಲ್ಪಮಟ್ಟಿಗೆ ಕಾರಣ. ಕನ್ನಡದಲ್ಲಿ ‘ನಿಯಮ’ ಎಂಬ ಒಂದೇ ಮಾತು ಎರಡು ಕೆಲಸಗಳನ್ನು ಮಾಡುತ್ತದೆ. ರಸ್ತೆಯ ಎಡಬದಿಯಲ್ಲಿ ವಾಹನ ನಡೆಸಬೇಕೆಂಬುದು ನಿಯಮ. ಮೇಲಕ್ಕೆಸೆದ ಕಲ್ಲು ಕೆಳಗೆ ಬೀಳುತ್ತದೆಂಬುದೂ ನಿಯಮ. ಇಂಗ್ಲಿಷಿನಲ್ಲಿಯೂ ಇದೇ ತೊಡಕು ಇದೆ. ಮೊದಲನೆಯದು ಮನುಷ್ಯರು ಮಾಡಿಕೊಂಡ ಕಟ್ಟಳೆ. ಅದನ್ನು ಮುರಿಯಬಹುದು, ಮುರಿದವನಿಗೆ ದಂಡ ಹಾಕಬಹುದು, ಬೇಡವೆನಿಸಿದರೆ ಬದಲಾಯಿಸಬಹುದು. ಸ್ವೀಡನ್ ದೇಶವು 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಎಡಬದಿಯನ್ನು ಬಿಟ್ಟು ಬಲಬದಿಗೆ ಸರಿಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಎರಡನೆಯದು ಹಾಗಲ್ಲ. ಅದು ಯಾರ ಆಜ್ಞೆಯೂ ಅಲ್ಲ. ನಿಸರ್ಗವು ನಡೆದುಕೊಳ್ಳುವ ರೀತಿಯನ್ನು ಮನುಷ್ಯರು ಕಂಡು ಬರೆದಿಟ್ಟುಕೊಂಡ ವರ್ಣನೆ. ಕಲ್ಲು ನಿಯಮವನ್ನು ‘ಪಾಲಿಸುತ್ತದೆ’ ಎಂದು ಪುಸ್ತಕಗಳು ಹೇಳುವುದುಂಟು. ಪಾಲಿಸದಿರುವ ಸ್ವಾತಂತ್ರ್ಯ ಕಲ್ಲಿಗೆ ಇದ್ದಿದ್ದರೆ ಆ ಮಾತಿಗೆ ಅರ್ಥವಿರುತ್ತಿತ್ತು.

1980ರ ಫೆಬ್ರವರಿ 16ರಂದು ಕರ್ನಾಟಕದ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋಯಿತು. ಖಗೋಳಶಾಸ್ತ್ರಜ್ಞರು ಬಹುಕಾಲ ಮೊದಲೇ ಆ ನೆರಳಿನ ದಾರಿಯನ್ನು ಗುಣಿಸಿ, ಹುಬ್ಬಳ್ಳಿಯ ಬಳಿಯಲ್ಲಿಯೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿಯೂ ದೂರದರ್ಶಕಗಳನ್ನು ಹೂಡಿ ಕಾದಿದ್ದರು. ಹೇಳಿದ ಹೊತ್ತಿಗೆ ಸರಿಯಾಗಿ ಕತ್ತಲಾಯಿತು. ಅದೇ ಹೊತ್ತಿನಲ್ಲಿ ಅನೇಕ ಊರುಗಳಲ್ಲಿ ಜನರು ಬಾಗಿಲು ಕಿಟಕಿಗಳನ್ನು ಮುಚ್ಚಿಕೊಂಡು ಒಳಗೆ ಕುಳಿತಿದ್ದರು. ಬೀದಿಗಳು ಬಿಕೋ ಎನ್ನುತ್ತಿದ್ದವು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬ ಎಚ್ಚರಿಕೆಯು ನ್ಯಾಯವಾದದ್ದು. ಆದರೆ ಬಿಸಿಲಿನಲ್ಲಿ ಅಪಾಯವಿಲ್ಲದೆ ಓಡಾಡುವವರು ಗ್ರಹಣದ ಮಬ್ಬಿನಲ್ಲಿ ಓಡಾಡಲು ಅಂಜಿದರೆ ಅದಕ್ಕೆ ಆಧಾರವಿಲ್ಲ. ಎಷ್ಟು ಲಕ್ಷ ಜನ ಅಂಜಿದರೂ ಆ ಆಧಾರವು ಹುಟ್ಟುವುದಿಲ್ಲ.

ಹಾಗಾದರೆ ಸರ್ಕಾರಗಳಿಗೂ ಅಳತೆಗಳಿಗೂ ಸಂಬಂಧವೇ ಇಲ್ಲವೆ? ಇದೆ, ಇಲ್ಲಿಯೇ ವಿಷಯವು ಸೂಕ್ಷ್ಮವಾಗುತ್ತದೆ. ಭಾರತದ ಸಂಸತ್ತು 1956ರಲ್ಲಿ ತೂಕ ಮತ್ತು ಅಳತೆಗಳ ಬಗ್ಗೆ ಕಾನೂನು ಮಾಡಿತು. ಸೇರು, ಪಾವು, ಮಣ, ತೊಲಗಳು ಹಿಂದೆ ಸರಿದು ಕಿಲೋಗ್ರಾಂ, ಲೀಟರು, ಮೀಟರುಗಳು ಬಂದವು. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸರಿಹೊಂದದಿದ್ದ ಕಾಲದಲ್ಲಿ ಇದು ಬಹಳ ಬೇಕಾಗಿದ್ದ ಕೆಲಸ. ಅಕ್ಕಿಯನ್ನು ಯಾವ ಮಾನದಿಂದ ತೂಗಬೇಕು ಎಂಬುದನ್ನು ಸಂಸತ್ತು ಗೊತ್ತುಮಾಡಬಲ್ಲದು. ಆದರೆ ಚೀಲದಲ್ಲಿರುವ ಅಕ್ಕಿ ಎಷ್ಟು ತೂಗುತ್ತದೆ ಎಂಬುದನ್ನು ತಕ್ಕಡಿಯೇ ಹೇಳಬೇಕು. ಗಡಿಯಾರದ ಸಂಗತಿಯೂ ಹೀಗೆಯೇ. ಪೂರ್ವ ರೇಖಾಂಶ 82.5 ಡಿಗ್ರಿಯ ಸಮಯವನ್ನು ಇಡೀ ದೇಶದ ಸಮಯವಾಗಿ ಇಟ್ಟುಕೊಳ್ಳುವ ಪದ್ಧತಿ 1906ರಲ್ಲಿ ಬಂದಿತು. ಅದರಂತೆ ಕಾರವಾರದ ಗಡಿಯಾರಗಳು ಹನ್ನೆರಡು ಹೊಡೆಯುತ್ತವೆ. ಸೂರ್ಯನು ಮಾತ್ರ ಸರಾಸರಿ ಅರ್ಧ ಗಂಟೆಯ ಬಳಿಕವೇ ಕಾರವಾರದ ನಡುನೆತ್ತಿಯ ರೇಖೆಯನ್ನು ದಾಟುತ್ತಾನೆ.

ವಿಜ್ಞಾನಿಗಳೂ ಕೈಯೆತ್ತಿ ಮತ ಹಾಕುವುದುಂಟು. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸದಸ್ಯರು ಮತ ಹಾಕಿ ಪ್ಲೂಟೋವನ್ನು ಗ್ರಹಗಳ ಪಟ್ಟಿಯಿಂದ ತೆಗೆದರು. ಸೌರವ್ಯೂಹದಲ್ಲಿ ಒಂಬತ್ತು ಗ್ರಹಗಳೆಂದು ಬಾಯಿಪಾಠ ಮಾಡಿದ್ದ ಜನರು ದಿಗ್ಭ್ರಮೆಗೊಂಡರು. ಸತ್ಯವನ್ನು ಮತ ಹಾಕಿ ಬದಲಾಯಿಸುವುದಾದರೆ ವಿಜ್ಞಾನಕ್ಕೂ ಇಂಡಿಯಾನಾದ ಕೆಳಮನೆಗೂ ವ್ಯತ್ಯಾಸವೇನು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಉತ್ತರವಿಷ್ಟೆ: ಅಂದು ಮತಕ್ಕೆ ಬಿದ್ದದ್ದು ಪ್ಲೂಟೋ ಅಲ್ಲ, ‘ಗ್ರಹ’ ಎಂಬ ಹೆಸರು. ಪ್ಲೂಟೋವಿನ ಗಾತ್ರವಾಗಲಿ, ಸುಮಾರು 248 ವರ್ಷಗಳಲ್ಲಿ ಸೂರ್ಯನನ್ನು ಸುತ್ತುವ ಅದರ ನಡೆಯಾಗಲಿ ಆ ಮಧ್ಯಾಹ್ನ ಕಿಂಚಿತ್ತೂ ಬದಲಾಗಲಿಲ್ಲ. ಮಾತಿನ ಅರ್ಥವನ್ನು ಮಾತನಾಡುವವರು ಗೊತ್ತುಮಾಡಿಕೊಳ್ಳಬಹುದು. ಮಾತು ಬೆರಳು ಮಾಡಿ ತೋರಿಸುವ ವಸ್ತುವನ್ನು ಹಾಗೆ ಗೊತ್ತುಮಾಡಲು ಬರುವುದಿಲ್ಲ.

ಇಂಡಿಯಾನಾದ ಪ್ರಸಂಗವು ನಗೆಯಲ್ಲಿ ಮುಗಿಯಿತು. ಎಲ್ಲ ಕಡೆಯಲ್ಲಿಯೂ ಹಾಗೆ ಮುಗಿಯಲಿಲ್ಲ. ಸೋವಿಯತ್ ರಷ್ಯದಲ್ಲಿ ನಿಕೊಲಾಯ್ ವಾವಿಲೊವ್ ಎಂಬ ಸಸ್ಯವಿಜ್ಞಾನಿ ಇದ್ದರು. ಮನುಷ್ಯನು ಬೆಳೆಯುವ ಧಾನ್ಯಗಳ ಮೂಲವನ್ನು ಹುಡುಕುತ್ತ ಅವರು ಹಲವು ಖಂಡಗಳನ್ನು ಸುತ್ತಿದರು. ಗೋಧಿ, ಜೋಳ, ಅವರೆ, ಆಲೂಗಡ್ಡೆಗಳ ಲೆಕ್ಕವಿಲ್ಲದಷ್ಟು ತಳಿಗಳ ಬೀಜಗಳನ್ನು ಕೂಡಿಹಾಕಿ ಲೆನಿನ್‌ಗ್ರಾಡಿನ ತಮ್ಮ ಸಂಸ್ಥೆಯಲ್ಲಿ ದೊಡ್ಡ ಬೀಜಭಂಡಾರವನ್ನು ಕಟ್ಟಿದರು. ಬರ ಬಂದಾಗ, ರೋಗ ಬಿದ್ದಾಗ, ಅವುಗಳನ್ನು ತಡೆದುಕೊಳ್ಳಬಲ್ಲ ತಳಿಗಳನ್ನು ಈ ಭಂಡಾರದಿಂದ ಬೆಳೆಸಬಹುದೆಂಬುದು ಅವರ ಯೋಚನೆ. ಆದರೆ ತಳಿಯನ್ನು ರೂಢಿಸಲು ಹಲವು ವರ್ಷಗಳ ತಾಳ್ಮೆ ಬೇಕು. ಹಸಿದಿದ್ದ ದೇಶಕ್ಕೂ ಅವಸರಪಡುತ್ತಿದ್ದ ಸರ್ಕಾರಕ್ಕೂ ಆ ತಾಳ್ಮೆ ಇರಲಿಲ್ಲ.

ಆಗ ಟ್ರೊಫಿಮ್ ಲೈಸೆಂಕೊ ಎಂಬವರು ಮುಂದೆ ಬಂದರು. ಬೀಜಗಳನ್ನು ನೆನೆಸಿ ತಂಪಿನಲ್ಲಿಟ್ಟರೆ ಬೆಳೆಯ ಗುಣವೇ ಮಾರ್ಪಟ್ಟು, ಆ ಮಾರ್ಪಾಡು ಮುಂದಿನ ಪೀಳಿಗೆಗೂ ಇಳಿಯುತ್ತದೆಂದು ಅವರು ಹೇಳಿದರು. ತಂಪಿನಲ್ಲಿಟ್ಟ ಬೀಜವು ಬೇಗ ಹೂಬಿಡಬಹುದೆಂಬುದು ನಿಜ. ಆ ಗುಣವು ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆಂಬುದಕ್ಕೆ ಸಾಕ್ಷ್ಯವಿರಲಿಲ್ಲ. ತಳಿಶಾಸ್ತ್ರವು ಶ್ರೀಮಂತರ ದೇಶಗಳ ಸುಳ್ಳು ಶಾಸ್ತ್ರವೆಂದೂ, ತಮ್ಮದು ಜನರ ಶಾಸ್ತ್ರವೆಂದೂ ಅವರು ಸಾರಿದರು. ಆಳುವವರಿಗೆ ಅದು ಕಿವಿಗಿಂಪಾದ ಮಾತಾಗಿತ್ತು. ವಾವಿಲೊವ್ ಒಪ್ಪಲಿಲ್ಲ. 1940ರ ಆಗಸ್ಟಿನಲ್ಲಿ ಅವರನ್ನು ಬಂಧಿಸಲಾಯಿತು. 1943ರ ಜನವರಿ 26ರಂದು ಅವರು ಸರಾತೊವ್ ಊರಿನ ಸೆರೆಮನೆಯಲ್ಲಿ ಅನ್ನವಿಲ್ಲದೆ ಸೊರಗಿ ಮಡಿದರು. ಇಡೀ ಲೋಕಕ್ಕೆ ಅನ್ನದ ಬೀಜಗಳನ್ನು ಕೂಡಿಸಿಟ್ಟವರಿಗೆ ಬಂದ ಸಾವು ಇದು.

ಅಷ್ಟರಲ್ಲಿ ಜರ್ಮನ್ ಸೈನ್ಯವು ಲೆನಿನ್‌ಗ್ರಾಡನ್ನು ಮುತ್ತಿತ್ತು. ನಗರದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಬೀಜಭಂಡಾರದ ನೌಕರರ ಸುತ್ತಲೂ ಭತ್ತ, ಗೋಧಿ, ಬಟಾಣಿಗಳ ಚೀಲಗಳಿದ್ದವು. ಅವರು ಅವುಗಳನ್ನು ಮುಟ್ಟಲಿಲ್ಲ. ಬೀಜಗಳನ್ನು ಕಾಯುತ್ತ ಅವರಲ್ಲಿ ಹಲವರು ಹಸಿವಿನಿಂದ ಪ್ರಾಣ ಬಿಟ್ಟರು.

1948ರ ಆಗಸ್ಟಿನಲ್ಲಿ ಕೃಷಿವಿಜ್ಞಾನ ಅಕಾಡೆಮಿಯ ಸಭೆಯೊಂದು ಮಾಸ್ಕೋದಲ್ಲಿ ನಡೆಯಿತು. ಅಲ್ಲಿ ಲೈಸೆಂಕೊ ತಮ್ಮ ವಾದಕ್ಕೆ ಕೊನೆಯ ಪ್ರಮಾಣವಾಗಿ ಮುಂದಿಟ್ಟದ್ದು ಯಾವುದೋ ಹೊಲದ ಇಳುವರಿಯನ್ನಲ್ಲ. ಪಕ್ಷದ ಕೇಂದ್ರ ಸಮಿತಿಯು ತಮ್ಮ ವರದಿಯನ್ನು ಓದಿ ಒಪ್ಪಿದೆ ಎಂಬ ಸುದ್ದಿಯನ್ನು. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಲ್ಲಿಂದ ಮುಂದೆ ಹಲವು ವರ್ಷ ಆ ದೇಶದ ಕಾಲೇಜುಗಳಲ್ಲಿ ತಳಿಶಾಸ್ತ್ರದ ಪಾಠ ನಿಂತಿತು; ಒಪ್ಪದ ವಿಜ್ಞಾನಿಗಳು ಕೆಲಸ ಕಳೆದುಕೊಂಡರು. 1955ರಲ್ಲಿ ವಾವಿಲೊವರ ಮೇಲಿನ ಆರೋಪಗಳನ್ನು ರದ್ದುಪಡಿಸಲಾಯಿತು. 1965ರಲ್ಲಿ ಲೈಸೆಂಕೊ ತಮ್ಮ ಸಂಸ್ಥೆಯ ನಿರ್ದೇಶಕ ಪದವಿಯನ್ನು ಕಳೆದುಕೊಂಡರು. ಲೆನಿನ್‌ಗ್ರಾಡಿಗೆ ಸೇಂಟ್ ಪೀಟರ್ಸ್‌ಬರ್ಗ್ ಎಂಬ ಹಳೆಯ ಹೆಸರೇ ಮರಳಿ ಬಂದಿದೆ. ಬೀಜಭಂಡಾರದ ಸಂಸ್ಥೆಗೆ ವಾವಿಲೊವರ ಹೆಸರಿದೆ.

ಇದರಿಂದ ಒಂದು ವಿರುದ್ಧವಾದ ತಪ್ಪು ಹುಟ್ಟುವುದುಂಟು. ಸಾಮಾನ್ಯ ಜನಕ್ಕೂ ಶಾಸಕರಿಗೂ ವಿಜ್ಞಾನ ತಿಳಿಯದಾದುದರಿಂದ ಎಲ್ಲವನ್ನೂ ತಜ್ಞರ ಕೈಗೆ ಒಪ್ಪಿಸಿಬಿಡುವುದು ಮೇಲೆಂದು ಕೆಲವರು ಹೇಳುತ್ತಾರೆ. ಇದು ವಿಜ್ಞಾನವನ್ನೂ ಪ್ರಜಾಪ್ರಭುತ್ವವನ್ನೂ ಒಟ್ಟಿಗೆ ತಪ್ಪು ತಿಳಿಯುವುದು. 1976ರಲ್ಲಿ 42ನೆಯ ತಿದ್ದುಪಡಿಯ ಮೂಲಕ ಭಾರತದ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದೂ ಒಂದು. ಅದು ವಿಜ್ಞಾನಿಗಳಿಗೆ ವಿಧಿಸಿದ ಕರ್ತವ್ಯವಲ್ಲ, ಪ್ರತಿಯೊಬ್ಬ ನಾಗರಿಕನಿಗೆ ವಿಧಿಸಿದ್ದು. ವಿಜ್ಞಾನಿಯ ಮಾತನ್ನು ಮರುಮಾತಿಲ್ಲದೆ ಒಪ್ಪುವುದು ಆ ಮನೋಭಾವವಲ್ಲ. ಹೇಗೆ ಗೊತ್ತು ಎಂದು ಕೇಳುವುದು, ಉತ್ತರ ಬಂದಾಗ ಕಿವಿಗೊಡುವುದು, ಇವೆರಡೂ ಅದರಲ್ಲಿ ಸೇರಿವೆ.

ಕಾವೇರಿಯ ನೀರಿನ ವಿಷಯವನ್ನೇ ತೆಗೆದುಕೊಳ್ಳಬಹುದು. ನದಿಯಲ್ಲಿ ಎಷ್ಟು ನೀರಿದೆ ಎಂಬುದು ಅಳತೆಯ ಪ್ರಶ್ನೆ. ಹಲವು ದಶಕಗಳ ಹರಿವಿನ ಲೆಕ್ಕಗಳನ್ನು ಇಟ್ಟುಕೊಂಡು 1990ರಲ್ಲಿ ನೇಮಕವಾದ ನ್ಯಾಯಮಂಡಳಿಯು, ಎರಡು ವರ್ಷಗಳಿಗೆ ಒಂದರಂತೆಯಾದರೂ 740 ಟಿ.ಎಂ.ಸಿ. ನೀರು ದೊರೆಯುತ್ತದೆಂದು ಗೊತ್ತುಮಾಡಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಯಾವ ರಾಜ್ಯದ ವಿಧಾನಸಭೆಯು ಎಷ್ಟೇ ಬಹುಮತದಿಂದ ನಿರ್ಣಯ ಮಾಡಿದರೂ ಆ ನೀರು ಒಂದು ಕೊಡದಷ್ಟೂ ಹೆಚ್ಚುವುದಿಲ್ಲ. ಆದರೆ ಇರುವ ನೀರಿನಲ್ಲಿ ಯಾರಿಗೆ ಎಷ್ಟು, ಭತ್ತಕ್ಕೆಷ್ಟು, ಕುಡಿಯಲು ಎಷ್ಟು, ಹಿಂದಿನಿಂದ ಬಳಸುತ್ತಿರುವವರಿಗೆ ಎಷ್ಟು, ಹಿಂದುಳಿದುಹೋದವರಿಗೆ ಎಷ್ಟು ಎಂಬುದಕ್ಕೆ ಯಾವ ಮಾಪಕವೂ ಉತ್ತರ ಕೊಡದು. ಅದು ನ್ಯಾಯದ ಪ್ರಶ್ನೆ. 2007ರ ತೀರ್ಪಿನಲ್ಲಿ ಕರ್ನಾಟಕಕ್ಕೆ 270 ಟಿ.ಎಂ.ಸಿ. ದೊರೆಯಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು 284.75ಕ್ಕೆ ಏರಿಸಿತು, ಹೆಚ್ಚಿಸಿದ ಭಾಗದಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ನದಿಯ ಅಳತೆ 740 ಇದ್ದದ್ದು 740 ಆಗಿಯೇ ಉಳಿಯಿತು, ಪಾಲು ಬದಲಾಯಿತು. ಹಂಚಿಕೆಯಲ್ಲಿ ಅನ್ಯಾಯವಾಗಿದೆಯೆಂದು ವಾದಿಸುವ ಹಕ್ಕು ರೈತನಿಗೂ ಇದೆ, ಎಂಜಿನಿಯರಿಗೂ ಇದೆ. ಆ ವಾದದಲ್ಲಿ ಎಂಜಿನಿಯರನ ಮತಕ್ಕೆ ಎರಡು ಮತದ ಬೆಲೆಯಿಲ್ಲ.

ಇನ್ನು ಬಹುಮತದ ಮಾತು. ಜನರು ಕೂಡಿ ನಿರ್ಧರಿಸಬೇಕಾದ ವಿಷಯಗಳಲ್ಲಾದರೂ ಬಹುಮತಕ್ಕೆ ಎಲ್ಲೆಯಿಲ್ಲವೆ? ಪ್ರಜಾಪ್ರಭುತ್ವವೆಂದರೆ ಹೆಚ್ಚು ಜನ ಹೇಳಿದಂತೆ ನಡೆಯುವುದು ಎಂಬುದು ಬಹಳ ಹರಡಿರುವ ತಿಳಿವಳಿಕೆ. ಅರ್ಧ ನಿಜವಾದುದರಿಂದಲೇ ಇದು ಅಪಾಯಕರ. ನೂರು ಜನರಲ್ಲಿ ತೊಂಬತ್ತೊಂಬತ್ತು ಮಂದಿ ಕೈಯೆತ್ತಿದರೂ ಉಳಿದ ಒಬ್ಬನನ್ನು ವಿಚಾರಣೆಯಿಲ್ಲದೆ ಸೆರೆಗೆ ಹಾಕಬಾರದು, ಅವನ ನಂಬಿಕೆಗಾಗಿ ದಂಡಿಸಬಾರದು ಎಂಬ ಕಾರಣಕ್ಕಾಗಿಯೇ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳಿಗೆ ಒಂದು ಭಾಗವನ್ನು ಮೀಸಲಿಡಲಾಗಿದೆ.

ಈ ವಿಷಯದಲ್ಲಿ ನೆನೆಯಬೇಕಾದ ಮೊಕದ್ದಮೆಯೊಂದು ಕನ್ನಡಿಗರಿಗೆ ಚಿರಪರಿಚಿತವಾದ ಕಾಸರಗೋಡಿನ ಎಡನೀರು ಮಠದಿಂದ ಹುಟ್ಟಿತು. ಯಕ್ಷಗಾನಕ್ಕೂ ಸಂಗೀತಕ್ಕೂ ಆಶ್ರಯವಾಗಿದ್ದ ಆ ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಮಠದ ಜಮೀನಿನಿಂದ ಆರಂಭವಾದ ವಾದವು, ಸಂಸತ್ತಿನ ಬಹುಮತವು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಎಂಬಲ್ಲಿಗೆ ಬಂದು ನಿಂತಿತು. 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠವು ತೀರ್ಪು ಕೊಟ್ಟಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಅಳಿಸುವಂತಿಲ್ಲ. ಬಹುಮತಕ್ಕೆ ಎಲ್ಲೆಯನ್ನು ಹಾಕಿದ ಈ ತೀರ್ಪು ಬಂದದ್ದೂ ಬಹುಮತದಿಂದಲೇ. ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಒಬ್ಬರು ಈಚೆಯಿಂದ ಆಚೆಗೆ ಸರಿದಿದ್ದರೆ ಭಾರತದ ರಾಜ್ಯವ್ಯವಸ್ಥೆಯ ಚರಿತ್ರೆ ಬೇರೆ ದಾರಿಯನ್ನು ಹಿಡಿಯುತ್ತಿತ್ತು.

ಇದರಲ್ಲಿ ವಿರೋಧವಿಲ್ಲವೆ? ನೋಡುವುದಕ್ಕೆ ಇದೆ. ಆದರೆ ತಲೆ ಎಣಿಸುವುದು ಜಗಳವನ್ನು ಮುಗಿಸುವ ಒಂದು ಉಪಾಯ. ಯಾವುದು ಸರಿ ಎಂಬುದಕ್ಕೆ ಪ್ರಮಾಣವಲ್ಲ. ಕನ್ನಡದ ‘ಮತ’ ಎಂಬ ಮಾತಿಗೆ ಅಭಿಪ್ರಾಯವೆಂಬ ಅರ್ಥವೂ ಇದೆ, ಚುನಾವಣೆಯಲ್ಲಿ ಹಾಕುವ ಓಟು ಎಂಬ ಅರ್ಥವೂ ಇದೆ. ಓಟನ್ನು ಎಣಿಸಬಹುದು. ಅಭಿಪ್ರಾಯವನ್ನು ತೂಗಿ ನೋಡಬೇಕು. ನ್ಯಾಯಾಲಯಗಳು ಇದನ್ನು ಅರಿತುಕೊಂಡಿರುವುದರಿಂದಲೇ ಸೋತ ನ್ಯಾಯಾಧೀಶರ ಅಭಿಪ್ರಾಯವನ್ನೂ ಗೆದ್ದವರ ಅಭಿಪ್ರಾಯದ ಜೊತೆಯಲ್ಲಿಯೇ ಅಚ್ಚು ಹಾಕಿಸುತ್ತವೆ.

ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲ್ 28ರಂದು, ಇಂಥದೊಂದು ಅಭಿಪ್ರಾಯವು ಅಚ್ಚಾಯಿತು. ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟ ಮನುಷ್ಯನು ತನ್ನ ಬಂಧನವು ಕಾನೂನಿಗೆ ವಿರುದ್ಧವೆಂದು ನ್ಯಾಯಾಲಯದ ಬಾಗಿಲು ತಟ್ಟಬಹುದೆ ಎಂಬುದು ಅಂದಿನ ಪ್ರಶ್ನೆ. ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರಲ್ಲಿ ನಾಲ್ವರು, ತುರ್ತುಪರಿಸ್ಥಿತಿ ಇರುವವರೆಗೆ ಹಾಗೆ ತಟ್ಟುವಂತಿಲ್ಲವೆಂದರು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತವನ್ನು ಬರೆದರು. ಮನುಷ್ಯನ ಜೀವವೂ ಸ್ವಾತಂತ್ರ್ಯವೂ ಸರ್ಕಾರದ ಇಚ್ಛೆಗೆ ಬಿಟ್ಟವುಗಳಲ್ಲವೆಂಬುದು ಅವರ ವಾದದ ಸಾರ. ಮುಖ್ಯ ನ್ಯಾಯಾಧೀಶರಾಗುವ ಸರದಿ ಅವರದಾಗಿತ್ತು. 1977ರ ಜನವರಿಯಲ್ಲಿ ಅವರಿಗಿಂತ ಕಿರಿಯರನ್ನು ಆ ಸ್ಥಾನಕ್ಕೆ ನೇಮಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟು ಹೊರಬಂದರು. ಮರುವರ್ಷವೇ 44ನೆಯ ತಿದ್ದುಪಡಿಯು, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿನ ರಕ್ಷಣೆಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತುರ್ತುಪರಿಸ್ಥಿತಿಯಲ್ಲಿಯೂ ತಡೆಯುವಂತಿಲ್ಲವೆಂದು ಸಂವಿಧಾನದಲ್ಲಿ ಬರೆಯಿತು. ಆದರೆ ನ್ಯಾಯಾಲಯದ ತೀರ್ಪು ಮಾತ್ರ ಪುಸ್ತಕಗಳಲ್ಲಿ ಹಾಗೆಯೇ ನಿಂತಿತ್ತು.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಸಂದರ್ಭದಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 1976ರ ನಾಲ್ವರ ತೀರ್ಪು ತಪ್ಪಾಗಿತ್ತೆಂದು ಹೇಳಿ ಅದನ್ನು ತಳ್ಳಿಹಾಕಿತು. ಹಾಗೆ ಹೇಳಲು ಬೇಕಾಗಿದ್ದ ವಾದವು ಅದೇ ತೀರ್ಪಿನ ಪುಟಗಳಲ್ಲಿ, ಒಂದಕ್ಕೆ ನಾಲ್ಕರಿಂದ ಸೋತ ಮತವಾಗಿ, 41 ವರ್ಷಗಳಿಂದ ಅಚ್ಚಾಗಿ ಉಳಿದಿತ್ತು.